ವಸತಿಹೀನರನ್ನು ತೆರವುಗೊಳಿಸಿದರೆ ವಿದ್ಯಾರ್ಥಿಗಳು ಸುರಕ್ಷಿತರೇ?

ಪ್ರಶ್ನೆ: ಕಾಲೇಜುಗಳೇ ಜೀವಾಳವಾದ ಊರಿನಲ್ಲಿ, ಗ್ರಂಥಾಲಯದ ಸುತ್ತ ರಾತ್ರಿ ಮಲಗುವವರನ್ನು ತೆರವುಗೊಳಿಸಿದರೆ ವಿದ್ಯಾರ್ಥಿಗಳ ಸುರಕ್ಷತೆ ನಿಜಕ್ಕೂ ಹೆಚ್ಚುತ್ತದೆಯೇ, ಅಥವಾ ನಮ್ಮ ಅಳುಕಷ್ಟೇ ಕಡಿಮೆಯಾಗುತ್ತದೆಯೇ?

ಉತ್ತರ 1: ತೆರವುಗೊಂಡವರು ಮಾಯವಾಗುವುದಿಲ್ಲ, ಗುರುತಿನ ಚೀಟಿ, ಔಷಧಿಗಳನ್ನು ಕಳೆದುಕೊಂಡು ಮುಂದಿನ ಬೀದಿ ಸೇರುತ್ತಾರೆ, ಅವರ ವಿಶ್ವಾಸ ಗಳಿಸಿದ್ದ ಸಮಾಜ ಕಾರ್ಯಕರ್ತರು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಮಲಗುವವರಿಗೆ ನಗರಗಳು ದಂಡ ವಿಧಿಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2024ರಲ್ಲಿ ತೀರ್ಪಿತ್ತಿತು. ಆದರೆ ಬಾಡಿಗೆ ಕಟ್ಟಲಾಗದವರು ದಂಡವನ್ನು ಹೇಗೆ ಕಟ್ಟಿಯಾರು?

ಉತ್ತರ 2: ಒಪ್ಪುತ್ತೇನೆ, ಆದರೂ ತಡರಾತ್ರಿ ಒಬ್ಬಳೇ ಹಾಸ್ಟೆಲಿಗೆ ಮರಳುವ ಹುಡುಗಿಯ ಭಯವನ್ನು ಪೂರ್ವಗ್ರಹವೆಂದು ತಳ್ಳಿಹಾಕುವುದು ಸುಲಭದ ಮಾತು. ಬೆಳಕು, ರಾತ್ರಿ ಬಸ್ಸು, ಬೆದರಿಸಿದವನ ಮೇಲೆ ಕ್ರಮ ಇವೆಲ್ಲ ಬೇಕು. ಶಿಕ್ಷೆ ಮಾತ್ರ ಕೃತ್ಯಕ್ಕಿರಬೇಕು, ಬಡತನಕ್ಕಲ್ಲ. ಬೀದಿಯಲ್ಲಿ ಮಲಗುವವರೇ ಹಲ್ಲೆ, ಕಳ್ಳತನಗಳಿಗೆ ಬಲಿಯಾಗುವುದನ್ನೂ ಮರೆಯಬಾರದು.

ಉತ್ತರ 3: ಅಗ್ಗದ ಬಾಡಿಗೆ ಕೋಣೆಗಳ ಕೊರತೆಯ ಬಗ್ಗೆ ಯಾರೂ ಹೇಳಲಿಲ್ಲ. ಹಾಸ್ಟೆಲುಗಳನ್ನು ಕಟ್ಟದೆ ಪ್ರವೇಶಸಂಖ್ಯೆಯನ್ನಷ್ಟೇ ಏರಿಸುವ ಕಾಲೇಜು, ಊರಿನ ಅಗ್ಗದ ಕೋಣೆಗಳನ್ನೆಲ್ಲ ವಿದ್ಯಾರ್ಥಿಗಳ ಪಾಲಾಗಿಸುತ್ತದೆ. ಗೆಳೆಯರ ಕೋಣೆಗಳಲ್ಲಿ ದಿನ ದೂಡುವ ವಿದ್ಯಾರ್ಥಿಗಳೂ ವಸತಿಹೀನರೇ. ಫಿನ್‌ಲೆಂಡ್ 2008ರಿಂದ ಯಾವ ಪೂರ್ವಷರತ್ತೂ ಇಲ್ಲದೆ ಮೊದಲು ಮನೆ, ನಂತರ ವ್ಯಸನ, ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಎಂಬ ನೀತಿಯನ್ನು ಅನುಸರಿಸಿ ದೀರ್ಘಕಾಲದ ವಸತಿಹೀನತೆಯನ್ನು ಗಣನೀಯವಾಗಿ ತಗ್ಗಿಸಿದೆ.