ಅಪ್‌ಡೇಟ್: ವೈ ಅಕ್ಷದ ಮಿತಿ ಬದಲಿಸಿದಾಗ ಮಾಯವಾಗುತ್ತಿದ್ದ ಬಾರ್‌ಗಳು

ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಿಜಿಪ್ಲಾಟ್2 ಎಂಬ ಚಾರ್ಟ್ ರಚಿಸುವ ಪ್ಯಾಕೇಜಿನಲ್ಲಿ ತಿಂಗಳುವಾರು ಸರಾಸರಿಗಳ ಬಾರ್ ಚಾರ್ಟ್ ರಚಿಸಿ, ವೈ ಅಕ್ಷವನ್ನು (ಲಂಬ ಅಕ್ಷ) ವೈಲಿಮ್ ಎಂಬ ಫಂಕ್ಷನ್ ಮೂಲಕ 50ರಿಂದ 100ಕ್ಕೆ ಸೀಮಿತಗೊಳಿಸಿದ ಕೂಡಲೇ ಬಾರ್‌ಗಳೆಲ್ಲವೂ ಮಾಯವಾಗಿ ಬರಿಯ ಗ್ರಿಡ್ ಗೆರೆಗಳು ಉಳಿಯುವುದೇಕೆ ಎಂದು ಕೇಳಿದ್ದೆ. ನಿಮ್ಮ ಸೂಚನೆಗಳಿಂದ ಸಮಸ್ಯೆ ಬಗೆಹರಿದಿದೆ.

ದತ್ತಾಂಶದಲ್ಲಿ ದೋಷವೇನೂ ಇರಲಿಲ್ಲ. ವೈಲಿಮ್ ಚಿತ್ರವನ್ನು ಹಿಗ್ಗಿಸಿ ತೋರಿಸುವುದಿಲ್ಲ, ಮಿತಿಯ ಹೊರಗಿನ ಮೌಲ್ಯಗಳನ್ನು ಎನ್‌ಎ (ಮೌಲ್ಯವೇ ಇಲ್ಲ) ಎಂದು ಬದಲಿಸಿಬಿಡುತ್ತದೆ. ಪ್ರತಿಯೊಂದು ಬಾರ್ ಸೊನ್ನೆಯಿಂದಲೇ ಏಳುವುದರಿಂದ, ಅದರ ತುದಿ 82ರಲ್ಲಿದ್ದರೂ ಬುಡ ಮಿತಿಯಾಚೆ ಉಳಿದು, ಇಡೀ ಬಾರ್ ಕೈಬಿಟ್ಟುಹೋಗುತ್ತದೆ. ಕನ್ಸೋಲ್‌ನಲ್ಲಿ ಬರುತ್ತಿದ್ದ, ಸಾಲುಗಳನ್ನು ತೆಗೆದುಹಾಕಲಾಗಿದೆ ಎಂಬ ಎಚ್ಚರಿಕೆಯ ಅರ್ಥವೂ ಇದೇ. ಅದೇ ಮಿತಿಯನ್ನು ಕೋಆರ್ಡ್_ಕಾರ್ಟೀಸಿಯನ್ ಫಂಕ್ಷನ್‌ನೊಳಗೆ ವೈಲಿಮ್ = ಸಿ(50, 100) ಎಂದು ಕೊಟ್ಟಾಗ ದತ್ತಾಂಶಕ್ಕೆ ಧಕ್ಕೆಯಾಗದೆ ಬಾರ್‌ಗಳು ಮರಳಿದವು.

ಆದರೂ ಈ ಚಿತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅಕ್ಷ 50ರಿಂದ ಆರಂಭವಾದರೆ 80ರ ಬಾರ್ 60ರ ಬಾರ್‌ಗಿಂತ ಮೂರು ಪಟ್ಟು ಎತ್ತರವಾಗಿ ಕಾಣುತ್ತದೆ. ಇದು ಓದುಗರನ್ನು ದಾರಿತಪ್ಪಿಸುವಂಥದ್ದು. ಚುಕ್ಕೆಗಳಲ್ಲಿ ಹೋಲಿಸಲು ಎತ್ತರವಿಲ್ಲ, ಸ್ಥಾನವಷ್ಟೇ ಇರುತ್ತದೆ. ಹಾಗಾಗಿ ಕೊನೆಗೆ ಜಿಯೋಮ್_ಪಾಯಿಂಟ್ ಬಳಸಿ ಚುಕ್ಕೆಗಳ ಚಿತ್ರವನ್ನೇ ಉಳಿಸಿಕೊಂಡಿದ್ದೇನೆ.

ತಿಂಗಳುಗಳು ಏಪ್ರಿಲ್‌ನಿಂದ ಆರಂಭವಾಗಿ ಇಂಗ್ಲಿಷ್ ಅಕ್ಷರಕ್ರಮದಲ್ಲಿ ನಿಲ್ಲುತ್ತಿದ್ದ ಇನ್ನೊಂದು ತೊಡಕು, ಆ ಕಾಲಮ್ ಅನ್ನು ಫ್ಯಾಕ್ಟರ್ (ನಿಗದಿತ ಕ್ರಮವಿರುವ ವರ್ಗಗಳ ಕಾಲಮ್) ಆಗಿಸಿ, ಲೆವೆಲ್ಸ್ = ಮಂತ್.ನೇಮ್ (ಆರ್‌ನಲ್ಲೇ ಇರುವ, ಜನವರಿಯಿಂದ ಡಿಸೆಂಬರ್‌ವರೆಗಿನ ಹೆಸರುಗಳ ಪಟ್ಟಿ) ಎಂದು ಕೊಟ್ಟ ಮೇಲೆ ಸರಿಹೋಯಿತು.