ವೇದಾವತಿ ಮಾಡೆಲ್‌ನಲ್ಲಿ ಕಾಡು ಹೆಚ್ಚಿಸಿದರೆ ಒಳಹರಿವು ಕುಸಿಯುತ್ತಿದೆ, ಸರಿಯೇ?

ಪ್ರಶ್ನೆ (ಚಿತ್ರದುರ್ಗ): ವೇದಾವತಿ ನದಿಯ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯದ ಮೇಲ್ಭಾಗಕ್ಕೆ ಸ್ವಾಟ್ (ಮಳೆ, ಮಣ್ಣು, ಸಸ್ಯ ನೋಡಿ ನದಿಯ ಹರಿವು ಲೆಕ್ಕಹಾಕುವ ಕಂಪ್ಯೂಟರ್ ಮಾಡೆಲ್) ಓಡಿಸುತ್ತಿದ್ದೇನೆ. ಕುರುಚಲನ್ನೆಲ್ಲ ಕಾಡು ಮಾಡಿದರೆ ಒಳಹರಿವು ವಿಪರೀತ ಇಳಿಯುತ್ತದೆ. 2050ರ ಹವಾಮಾನ ಕೊಟ್ಟರೆ ಮತ್ತೆ ಏರುತ್ತದೆ. ಯಾವುದನ್ನು ನಂಬಲಿ?

ಉತ್ತರ (ಹಿರಿಯೂರು): ಇಳಿಯುವುದು ಸಹಜ, ಪ್ರಮಾಣದ ಮೇಲೆ ಅನುಮಾನ. ಮೊದಲು ಎಲೆ ನೋಡಿ. ಸ್ವಾಟ್‌ನ ಕಾಡು ಸಮಶೀತೋಷ್ಣ ವಲಯದ್ದು. ಹಗಲಿನ ಉದ್ದ, ಶಾಖ ನೋಡಿ ಎಲೆ ಚಿಗುರಿಸಿ ಉದುರಿಸುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಮರ ಮಣ್ಣಿನ ತೇವ ನೋಡುತ್ತದೆ: ಬೇಸಿಗೆಯಲ್ಲಿ ಬೋಳು, ಮಳೆ ಬಿದ್ದೊಡನೆ ಹಸಿರು. ತಿಂಗಳುವಾರು ಎಲೆ ವಿಸ್ತೀರ್ಣ ಸೂಚ್ಯಂಕವನ್ನು (ನೆಲದ ಒಂದು ಚದರ ಮೀಟರಿಗೆ ಎಷ್ಟು ಎಲೆ ಎಂಬ ಅಳತೆ) ಉಪಗ್ರಹಗಳಲ್ಲಿರುವ ಮೋಡಿಸ್ ಸಂವೇದಕದ ದತ್ತಾಂಶದೊಂದಿಗೆ ಹೋಲಿಸಿ. ತಾಳೆಯಾಗದಿದ್ದರೆ ಕರ್ವ್ ನಂಬರ್ (ಮಳೆಯಲ್ಲಿ ಎಷ್ಟು ನೆಲದ ಮೇಲೆ ಹರಿದುಹೋಗುತ್ತದೆ ಎಂದು ಹೇಳುವ ಅಂಕಿ) ಮುಟ್ಟಲೇಬೇಡಿ. ಒಂದು ತಪ್ಪನ್ನು ಇನ್ನೊಂದರಲ್ಲಿ ಮುಚ್ಚಿದಂತಾಗುತ್ತದೆ. ಮಾಡೆಲ್‌ನಲ್ಲಿ ಬೇರಿನ ಆಳವನ್ನೂ ಮಣ್ಣಿನ ಪದರ ತಡೆಯುತ್ತದೆ. ನಕ್ಷೆಯಲ್ಲಿ ಮಣ್ಣು ಒಂದು ಮೀಟರ್ ಇದ್ದರೆ ಬೇರೂ ಅಷ್ಟೇ.

ಉತ್ತರ (ದಾವಣಗೆರೆ): ಕ್ಯಾಲಿಬ್ರೇಶನ್‌ಗೆ (ಅಳೆದ ನೀರಿಗೆ ಮಾಡೆಲ್ ಹೊಂದಿಸುವುದಕ್ಕೆ) ಯಾವ ವರ್ಷಗಳು? ಭದ್ರಾ ನೀರು ಪಂಪ್ ಆಗಿ ಬರತೊಡಗಿದ ಮೇಲಿನ ಜಲಾಶಯ ಮಟ್ಟ ಬಳಸಿದರೆ ಆ ನೀರನ್ನೂ ಮಾಡೆಲ್ ಮಳೆಯ ಲೆಕ್ಕಕ್ಕೆ ಸೇರಿಸುತ್ತದೆ. ಅದಕ್ಕೂ ಹಿಂದಿನ ವರ್ಷಗಳನ್ನೇ ಆರಿಸಿ. ಮೇಲ್ಭಾಗದ ಅಯ್ಯನಕೆರೆ, ಮದಗದ ಕೆರೆಯಂಥವನ್ನು ಮಾಡೆಲ್‌ನಲ್ಲಿ ಬಿಟ್ಟಿದ್ದರೆ, ಕೆರೆ ಹಿಡಿದ ನೀರನ್ನು ಕಾಡು ಕುಡಿದಂತೆ ತೋರಿಸುತ್ತದೆ.

ಉತ್ತರ (ಹಿರಿಯೂರು): 2050ರ ಏರಿಕೆಯನ್ನು ನಂಬುವ ಮುನ್ನ ಎರಡು ವಿಷಯ ನೋಡಿ. ಇಂಗಾಲದ ಡೈಆಕ್ಸೈಡ್ ಏರಿಸಿದ್ದೀರಾ? 330ರಿಂದ 660 ಪಿಪಿಎಂಗೆ ಹೋದರೆ ಸ್ವಾಟ್ ಎಲೆರಂಧ್ರದ ವಾಹಕತೆಯನ್ನು (ನೀರಾವಿ ಹೊರಬಿಡುವ ಸಾಮರ್ಥ್ಯ) ಶೇ. 40 ಇಳಿಸುತ್ತದೆ, ಬೆಳೆಗೂ ಮರಕ್ಕೂ ಒಂದೇ ಸಮ. ಮರಕ್ಕೆ ಇದು ಅತಿಯಾಯಿತು. ಅದಿಲ್ಲದೆಯೂ ಒಮ್ಮೆ ಓಡಿಸಿ. ಎರಡನೆಯದು ಮಳೆ: ಹವಾಮಾನ ಮಾಡೆಲ್‌ಗಳು ತುಂತುರು ದಿನಗಳನ್ನು ಹೆಚ್ಚು ಕೊಡುತ್ತವೆ. ಒಟ್ಟು ಮಳೆಯಷ್ಟೇ ಅಲ್ಲ, ಮಳೆದಿನಗಳ ಸಂಖ್ಯೆಯನ್ನೂ ತಿದ್ದಿ.