.315 ರೈಫಲ್: ತೋಟಾ ನಾವೇ ತುಂಬಿಕೊಳ್ಳೋದೋ, ಕಾರ್ಖಾನೆಯದನ್ನೇ ಕೊಳ್ಳೋದೋ?

ಗಂಗಾವತಿ ಭತ್ತದವ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮಪ್ಪನ .315 ರೈಫಲ್ ಈಗ ನನ್ನ ಲೈಸೆನ್ಸಿಗೆ ಬಂದೈತಿ. ಬಂಗಾಳದ ಇಛಾಪುರ ಕಾರ್ಖಾನಿದ್ದು, ಬೋಲ್ಟ್ ಆಕ್ಷನ್, ಕಟ್ಟಿಗಿ, ನಳಿಗಿ ಎಲ್ಲಾ ಚೊಲೋ ಐತಿ. ತೊಂದರೆ ಇರೋದು ತೋಟಾದ್ದು. ಅಂಗಡಿಗೆ ಹೋದ್ರ ‘ಸ್ಟಾಕ್ ಬಂದಿಲ್ಲ’ ಅಂತಾರ. ಬಂದಾಗ ರೇಟು ಕೇಳಿದ್ರ ಕೈ ಹಿಂದಕ್ಕ ಬರ್ತೈತಿ. ರೇಂಜಿನಾಗ ನೂರು ಮೀಟರಿಗೆ ಹೊಡೆದ್ರ ಒಂದು ಪೆಟ್ಟಿಗಿ ಗುಂಡು ಒಂದೇ ಕಡೆ ಕೂಡ್ತಾವ, ಇನ್ನೊಂದು ಪೆಟ್ಟಿಗಿವು ಹಾಳಿ ತುಂಬ ಹರಡ್ತಾವ. ಅಮೆರಿಕದವ್ರು ಖಾಲಿ ಹಿತ್ತಾಳಿ ಇಟ್ಕೊಂಡು ಮನಿಯಾಗೇ ಮತ್ತ ತುಂಬ್ತಾರ, ಖರ್ಚೂ ಕಮ್ಮಿ, ಗುರಿನೂ ಸುಧಾರಿಸ್ತೈತಿ ಅಂತ ವಿಡಿಯೋದಾಗ ನೋಡೀನಿ. ನಮ್ಮ ಜಿಲ್ಲಾದಾಗ ಇದು ಆಗೋ ಮಾತೇನ್ರಿ? ಬಿಡಿಸಿ ಹೇಳ್ರಿ.

ತೋರಣಗಲ್ಲು ಎಂಜಿನಿಯರ್
ವಿಡಿಯೋದವರು ಹೇಳಿದ್ದು ಸುಳ್ಳಲ್ಲ ಅಣ್ಣಾ. ಟೆಕ್ಸಾಸಿನಲ್ಲಿ ನನ್ನ ಭಾವ ಇದ್ದಾರೆ, ಅಲ್ಲಿನ ನಾಗರಿಕರು. ಅವರ ಗ್ಯಾರೇಜಿನಲ್ಲಿ ಪಕ್ಕದಲ್ಲಿ ಕೂತು ಈ ಕೆಲಸವನ್ನು ಬಹಳ ಸಲ ನೋಡಿದ್ದೇನೆ.

ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸು (ಹೊರಗಿನ ಕೊಳವೆ), ಪ್ರೈಮರ್ (ಪಿನ್ ಬಡಿದಾಗ ಮದ್ದಿಗೆ ಕಿಡಿ ಹಚ್ಚುವುದು), ಮದ್ದು, ಬುಲೆಟ್ (ಹಾರಿ ಹೋಗುವ ಗುಂಡು). ಹೊಡೆದ ಮೇಲೆ ಉಳಿಯುವುದು ಕೇಸು ಮಾತ್ರ, ನಾಲ್ಕರಲ್ಲಿ ದುಬಾರಿಯೂ ಅದೇ. ಉಳಿತಾಯ ಬರುವುದು ಅಲ್ಲಿಂದ. ಹೊಡೆದ ಕೇಸು ಆ ರೈಫಲಿನಲ್ಲಿ ತೋಟಾ ಕೂರುವ ಛೇಂಬರಿನ ಅಳತೆಗೆ ಊದಿಕೊಂಡಿರುತ್ತದೆ. ಅದನ್ನು ಡೈ ಅನ್ನುವ ಉಕ್ಕಿನ ಅಚ್ಚಿನಲ್ಲಿ ಒತ್ತಿ ಅಳತೆಗೆ ತರುತ್ತಾರೆ, ಹಳೆ ಪ್ರೈಮರ್ ತೆಗೆದು ಹೊಸದು ಕೂರಿಸುತ್ತಾರೆ, ಮದ್ದು ತೂಗಿ ಹಾಕುತ್ತಾರೆ, ಬುಲೆಟ್ ಒತ್ತುತ್ತಾರೆ. ಕಾರ್ಖಾನೆಯವರು ದೇಶದ ಎಲ್ಲ ರೈಫಲಿಗೂ ಹೊಂದಬೇಕು ಅಂತ ತಯಾರಿಸುತ್ತಾರೆ. ಕೈಯಲ್ಲಿ ತುಂಬುವವನು ತನ್ನ ಒಂದು ರೈಫಲಿಗಾಗಿ ತುಂಬುತ್ತಾನೆ. ವ್ಯತ್ಯಾಸ ಇರುವುದೇ ಇಲ್ಲಿ. ತೋಟಾದಿಂದ ತೋಟಾಕ್ಕೆ ವೇಗ ಒಂದೇ ಸಮ ಬಂದರೆ ದೂರದ ಗುರಿಯಲ್ಲಿ ಗುಂಡು ಮೇಲೆ ಕೆಳಗೆ ಹೋಗುವುದು ಕಮ್ಮಿಯಾಗುತ್ತದೆ.

ಆದರೆ ಪ್ರೆಸ್, ಡೈ, ತಕ್ಕಡಿ, ಅಳತೆ ಕಡ್ಡಿಗೆ ಮೊದಲೇ ದೊಡ್ಡ ದುಡ್ಡು ಹಾಕಬೇಕು. ವರ್ಷಕ್ಕೆ ಒಂದೆರಡು ಪೆಟ್ಟಿಗೆ ಹೊಡೆಯುವವನಿಗೆ ಅದು ಯಾವತ್ತೂ ವಾಪಸ್ ಬರಲ್ಲ. ವಾರವಾರ ರೇಂಜಿಗೆ ಹೋಗುವವನಿಗೆ ಮಾತ್ರ ಲೆಕ್ಕ ಕೂಡಿ ಬರುತ್ತದೆ.

ಬಳ್ಳಾರಿ ಕರಿಕೋಟು
ಲೆಕ್ಕಕ್ಕಿಂತ ಮೊದಲು ಕಾನೂನು ನೋಡಿ. 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡಿನ ವ್ಯಾಖ್ಯೆ ಓದಿ. ತುಂಬಿದ ತೋಟಾ ಒಂದೇ ಅಲ್ಲ, ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರ, ಇವೂ ಆ ವ್ಯಾಖ್ಯೆಯ ಒಳಗೇ ಬರುತ್ತವೆ. ಅಂದರೆ ಪ್ರೆಸ್ಸು ತರಿಸಿದೆ, ಪ್ರೈಮರ್ ತರಿಸಿದೆ, ಇನ್ನೂ ಏನೂ ತುಂಬಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಕಲಂ 5ರ ಪ್ರಕಾರ ತಯಾರಿಕೆಗೆ ಬೇರೆಯೇ ಲೈಸೆನ್ಸು ಬೇಕು. ರೈಫಲ್ ಇಟ್ಟುಕೊಳ್ಳುವ ಲೈಸೆನ್ಸು ತಯಾರಿಸುವ ಲೈಸೆನ್ಸಲ್ಲ. 2019ರ ತಿದ್ದುಪಡಿ ಆದಮೇಲೆ ಕಲಂ 5 ಮೀರಿ ತಯಾರಿಸಿದವರಿಗೆ ಕಮ್ಮಿ ಅಂದರೂ 7 ವರ್ಷ, ಹೆಚ್ಚೆಂದರೆ ಜೀವಾವಧಿ. ಮದ್ದಿನ ವಿಷಯಕ್ಕೆ 1884ರ ಸ್ಫೋಟಕ ಕಾಯ್ದೆಯೂ ಮೇಲೆ ಕೂರುತ್ತದೆ.

ಭತ್ತದ ಅಣ್ಣಾವ್ರೆ, ನಿಮ್ಮ ಲೈಸೆನ್ಸು ಪುಸ್ತಕ ತೆಗೆದು ನೋಡಿ. ಎಷ್ಟು ತೋಟಾ ಕೊಳ್ಳಬಹುದು, ಎಷ್ಟು ಇಟ್ಟುಕೊಳ್ಳಬಹುದು ಅಂತ ಬರೆದಿರುತ್ತದೆ. ತುಂಬಿಕೊಳ್ಳಬಹುದು ಅಂತ ಎಲ್ಲೂ ಬರೆದಿರಲ್ಲ. ತಯಾರಿಕೆಯ ಲೈಸೆನ್ಸು ಕೈಗೆ ಬರುವ ತನಕ ಆನ್‌ಲೈನಿನಲ್ಲಿ ಒಂದು ಡೈ ಕೂಡ ತರಿಸಬೇಡಿ. ಕೈಮುಗಿದು ಹೇಳುತ್ತೇನೆ.

ಮಸ್ಕಿ ಹೊಲದವ
ವಕೀಲ ಸಾಹೇಬ್ರ, ನಮ್ಮ ತಾತನ ಕಾಲಕ್ಕ ಯಾರು ಕೇಳ್ತಿದ್ರು ಇದನ್ನ? ಹನ್ನೆರಡು ಬೋರಿಂದು ಹಿತ್ತಾಳಿ ತೋಟಾ ಇದ್ವು. ಕರಿಮದ್ದು, ರಟ್ಟಿನ ಬಿಲ್ಲಿ, ಛರ್ರಾ, ಮ್ಯಾಲೆ ಮೇಣ. ರಾತ್ರಿ ಕಂದೀಲು ಹಚ್ಕೊಂಡು ಪಡಸಾಲ್ಯಾಗ ಕುಂತು ತುಂಬೋರು. ಜ್ವಾಳದ ಹೊಲಕ್ಕ ಹಂದಿ ಬಂದ್ರ ಒಂದು ಹೊಡದ್ರಾತು, ಊರೆಲ್ಲ ಕೇಳ್ತಿತ್ತು. ಈಗ ಬೆಳಿ ಕಾಯಾಕ ಲೈಸೆನ್ಸ್ ತಗೊಂಡವ್ರು ತೋಟಾಕ್ಕ ಅಲ್ಲಿ ಇಲ್ಲಿ ಅಲೀಬೇಕು. ರೈತಗ ಒಂದಿಷ್ಟು ಸಡಿಲ ಕೊಡಬೇಕಲ್ರಿ?

ನಿವೃತ್ತ ಸುಬೇದಾರ್, ರಾಯಚೂರು
ಹೊಲದ ತಮ್ಮಾ, ಕಂದೀಲು ಮುಂದಿಟ್ಟುಕೊಂಡು ಕರಿಮದ್ದು ಅಳೆದು ಬದುಕಿದವರ ಕಥೆ ಮಾತ್ರ ನಮಗೆ ಕೇಳಿಸುತ್ತೆ. ಬೆರಳು ಕಳಕೊಂಡವರು ಯಾರೂ ಪಡಸಾಲೆಯಲ್ಲಿ ಕೂತು ಕಥೆ ಹೇಳಲ್ಲ. ಕರಿಮದ್ದಿಗೆ ಕಿಡಿ ಸಾಕು. ಈಗಿನ ಹೊಗೆಯಿಲ್ಲದ ಮದ್ದಿನ ಗುಣವೇ ಬೇರೆ. ಬಯಲಲ್ಲಿ ಹಚ್ಚಿದರೆ ಸುಮ್ಮನೆ ಉರಿದು ಹೋಗುತ್ತೆ, ಕೇಸಿನೊಳಗೆ ಮುಚ್ಚಿದಾಗ ಒತ್ತಡ ಏರುತ್ತೆ, ಒತ್ತಡ ಏರಿದಷ್ಟೂ ಇನ್ನೂ ಜೋರಾಗಿ ಉರಿಯುತ್ತೆ. ಕರಿಮದ್ದಿನ ಅಳತೆಯಲ್ಲಿ ಇದನ್ನು ತುಂಬಿದರೆ ಬಂದೂಕೇ ಸೀಳುತ್ತೆ.

ಈಗ .315ರ ವಿಷಯ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವನು ಆಗಿದ್ದವನು. ಹಳೆ ಬ್ರಿಟಿಷ್ ರೈಫಲ್ ಲೀ ಎನ್‌ಫೀಲ್ಡಿನ ಬೋಲ್ಟ್, ಅಂದರೆ ಛೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ, ಚೆನ್ನಾಗಿ ಗೊತ್ತು. ನಿಮ್ಮ ರೈಫಲಿನ ಬೋಲ್ಟು ಅದೇ ವಂಶದ್ದು. ಅದರ ಲಾಕ್ ಕೂರುವುದು ಹಿಂದುಗಡೆ, ಹಾಗಾಗಿ ಗುಂಡು ಹಾರುವಾಗ ಬೋಲ್ಟು ಕೂದಲೆಳೆಯಷ್ಟು ಹಿಂದಕ್ಕೆ ಬಾಗುತ್ತೆ. ಕೇಸೂ ಅಷ್ಟೇ ಹಿಗ್ಗುತ್ತೆ. ಹೊಸ ತೋಟಾ ಒಂದು ಸಲ ಹಿಗ್ಗಿ ಆಚೆ ಬಿದ್ದರೆ ಚಿಂತೆ ಇಲ್ಲ. ಅದನ್ನೇ ಒತ್ತಿ, ಹೊಡೆದು, ಮತ್ತೆ ಒತ್ತಿ, ಮತ್ತೆ ಹೊಡೆದರೆ ಬುಡದ ಹತ್ತಿರ ಗೋಡೆ ತೆಳುವಾಗುತ್ತಾ ಬರುತ್ತೆ. ಬುಡದಿಂದ ಸ್ವಲ್ಪ ಮೇಲೆ, ಸುತ್ತಲೂ, ಒಂದು ಹೊಳೆಯುವ ಬಿಳಿಚು ಗೆರೆ ಕಾಣುತ್ತೆ. ಕಬ್ಬಿಣದ ಸಣ್ಣ ತಂತಿಯ ತುದಿ ಬಗ್ಗಿಸಿ ಕೇಸಿನ ಒಳಗೆ ಬಿಟ್ಟು, ಗೋಡೆಗೆ ಒತ್ತಿ ಬುಡದಿಂದ ಮೇಲಕ್ಕೆ ಎಳೆಯಿರಿ. ಗೋಡೆ ನುಣ್ಣಗಿದ್ದರೆ ತಂತಿ ಜಾರಿ ಬರುತ್ತೆ. ಒಳಗೆ ತಗ್ಗು ಬಿದ್ದಿದ್ದರೆ ಅಲ್ಲೇ ಟಕ್ ಅಂತ ಸಿಕ್ಕಿಕೊಳ್ಳುತ್ತೆ. ಅದನ್ನು ಮತ್ತೆ ತುಂಬಿದವನ ಕೇಸು ಎರಡು ತುಂಡಾಗುತ್ತೆ: ಬುಡ ಆಚೆ ಬರುತ್ತೆ, ಮೇಲಿನ ತುಂಡು ಛೇಂಬರಿನಲ್ಲೇ ಉಳಿಯುತ್ತೆ, ನಡುವೆ ಬಿಸಿ ಗ್ಯಾಸು ಬೋಲ್ಟಿನ ಸಂದಿಯಿಂದ ಹಿಂದಕ್ಕೆ ನುಗ್ಗುತ್ತೆ. ಆಗ ಅದರ ಹಿಂದೆ ಇರುವುದು ಕೆನ್ನೆ, ಕಣ್ಣು.

ಭತ್ತದ ತಮ್ಮಾ, ನಿಮ್ಮ ಹತ್ತಿರ ಇರುವ ಹಳೆಯ ಖಾಲಿ ಕೇಸುಗಳು ಯಾವ ರೈಫಲಿನಲ್ಲಿ ಎಷ್ಟು ಸಲ ಹಿಗ್ಗಿವೆ ಅಂತ ಹೇಳುವವರಿಲ್ಲ. ಯಾವ ಕಾರಣಕ್ಕೂ ಬೇಡ.

ತೋರಣಗಲ್ಲು ಎಂಜಿನಿಯರ್
ಸುಬೇದಾರ್ ಸಾಹೇಬರ ಮಾತು ಒಪ್ಪುತ್ತೇನೆ, ಹಿಂದೆ ಲಾಕ್ ಆಗುವ ಬೋಲ್ಟಿಗೆ ಅದು ಸರಿ. ಅದಕ್ಕೂ ದಾರಿ ಇದೆ. ಕೇಸನ್ನು ಪೂರ್ತಿ ಒತ್ತದೆ, ಬುಲೆಟ್ ಹಿಡಿಯುವ ಕತ್ತನ್ನಷ್ಟೇ ಒತ್ತಿದರೆ ಹಿಗ್ಗುವುದು ಕಮ್ಮಿ, ಬಾಳಿಕೆ ಜಾಸ್ತಿ. ಶಿಸ್ತು ಬೇಕು, ಪುಸ್ತಕ ಇಡಬೇಕು. ಮದ್ದಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಗ್ರಾಂ ಅಂದರೆ ಸುಮಾರು 15.4 ಗ್ರೇನ್. ನಮ್ಮ ಬಂಗಾರದ ಅಂಗಡಿಯ ತಕ್ಕಡಿ ಗ್ರಾಂ ತೋರಿಸುತ್ತದೆ. ಅಂಥದ್ದರಲ್ಲಿ ಎಡವುವವನು ಈ ಕೆಲಸಕ್ಕೆ ಕೈಹಾಕಲೇಬಾರದು. ಹಾಗಂತ ಎಡವದೆ ಮಾಡುವವರನ್ನೂ ಒಟ್ಟಿಗೆ ತಳ್ಳಿಹಾಕುವುದು ನ್ಯಾಯ ಅಲ್ಲ. ಎಷ್ಟೋ ದೇಶಗಳಲ್ಲಿ ಕ್ಲಬ್ಬಿನ ಸದಸ್ಯರು ಇದನ್ನು ದಿನವೂ ಮಾಡುತ್ತಾರೆ.

ಕೊಪ್ಪಳ ಕೋಚ್ ಅಕ್ಕ
ನಾನು ಮಕ್ಕಳಿಗೆ ಏರ್ ರೈಫಲ್, .22 ಕಲಿಸುವವಳು. ಗುರಿ ಸುಧಾರಿಸಬೇಕಾದರೆ ಮನೆಯಲ್ಲೇ ತುಂಬಬೇಕು ಅನ್ನುವ ಮಾತು ಇಲ್ಲಿ ಸುಮ್ಮನೆ ಓಡಾಡುತ್ತಿದೆ, ಅದನ್ನು ಒಪ್ಪಲಾರೆ.

ಒಲಿಂಪಿಕ್ಸಿನ ರೈಫಲ್ ಸ್ಪರ್ಧೆಗಳನ್ನೇ ನೋಡಿ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಏರ್ ರೈಫಲಿನಲ್ಲಿ, ಕಾರ್ಖಾನೆಯ ಪೆಲೆಟ್ಟಿನಿಂದ. 2024ರಲ್ಲಿ ಪ್ಯಾರಿಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ಮೂರು ಭಂಗಿಯಲ್ಲಿ, .22 ತೋಟಾದಿಂದ. ಆ 50 ಮೀಟರ್ ಗುರಿಹಾಳೆಯಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್. ಅಷ್ಟು ಸಣ್ಣದಕ್ಕೆ ಕಾರ್ಖಾನೆಯ ತೋಟಾವೇ ಸಾಕಾಗುತ್ತದೆ. .22ನ್ನು ಮತ್ತೆ ತುಂಬಲೂ ಆಗಲ್ಲ. ಅದರ ಪ್ರೈಮರ್ ಮಸಾಲೆ ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ, ಪಿನ್ ಆ ಅಂಚನ್ನೇ ಜಜ್ಜುತ್ತದೆ. ಹೊಡೆದ ಮೇಲೆ ಅದು ಬರೀ ಸೊಟ್ಟ ಹಿತ್ತಾಳೆ.

ಹಾಗಾದರೆ ದೊಡ್ಡ ಶೂಟರುಗಳು ಏನು ಮಾಡುತ್ತಾರೆ? ಬ್ಯಾಚ್ ಆರಿಸುತ್ತಾರೆ. ಒಂದೇ ಕಂಪನಿಯ, ಒಂದೇ ಹೆಸರಿನ ತೋಟಾ ಬೇರೆ ಬೇರೆ ಬ್ಯಾಚಿನಲ್ಲಿ ಬೇರೆ ಬೇರೆ ಥರ ಹೊಡೆಯುತ್ತದೆ. ಏಲಿ, ಲಪುವಾದಂಥ ಕಂಪನಿಗಳು ಶೂಟರ್ ತನ್ನ ರೈಫಲ್ ತಂದು ಬ್ಯಾಚುಗಳನ್ನು ಹೊಡೆದು ನೋಡಿ ಆರಿಸಲು ರೇಂಜನ್ನೇ ಇಟ್ಟಿವೆ. ಭತ್ತದ ಅಣ್ಣ ಹೇಳಿದ್ದೂ ಇದನ್ನೇ ಅಲ್ವಾ: ಒಂದು ಪೆಟ್ಟಿಗೆ ಕೂಡುತ್ತದೆ, ಇನ್ನೊಂದು ಹರಡುತ್ತದೆ. ತೋಟಾದ ಬುಡ ನೋಡಿ ಅಣ್ಣಾ, ಕೆಎಫ್ ಅಂತ ಅಚ್ಚಿದ್ದರೆ ಪುಣೆ ಹತ್ತಿರದ ಖಡಕಿ ಕಾರ್ಖಾನೆಯದು. ಪೆಟ್ಟಿಗೆ ಮೇಲೆ ಬ್ಯಾಚ್ ನಂಬರ್ ಇರುತ್ತದೆ. ಕೂಡಿದ ಪೆಟ್ಟಿಗೆಯ ನಂಬರ್ ಬರೆದಿಟ್ಟುಕೊಂಡು ಅದೇ ಬ್ಯಾಚನ್ನು ಅಂಗಡಿಯಲ್ಲಿ ಕೇಳಿ, ಲೈಸೆನ್ಸಿನ ಮಿತಿಯೊಳಗೆ ಒಟ್ಟಿಗೆ ತಗೊಳ್ಳಿ. ಉಳಿದ ಅಭ್ಯಾಸವನ್ನು ಏರ್ ರೈಫಲಿನಲ್ಲಿ ಮಾಡಿ. ಟ್ರಿಗರ್ ಎಳೆಯುವ ಬೆರಳು, ಉಸಿರು, ಭುಜ ಇವು ಸರಿಯಾಗುವುದು ಅಲ್ಲೇ, ಅದೂ ಬಹಳ ಕಮ್ಮಿ ಖರ್ಚಿನಲ್ಲಿ.

ತೋರಣಗಲ್ಲು ಎಂಜಿನಿಯರ್
ಅಕ್ಕಾ, 50 ಮೀಟರಿಗೆ ಸರಿ. 300 ಮೀಟರಿನ ಮಾತೇ ಬೇರೆ. ಅದು ಒಲಿಂಪಿಕ್ಸಿನಿಂದ 1972ರ ನಂತರ ಹೋಯಿತು, ಆದರೆ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಆಮೇಲೂ ನಡೆದಿದೆ. ನಮ್ಮ ಹುಡುಗರು ಅಲ್ಲಿಗೆ ಹೋಗಬೇಕಾದರೆ ಆಮದು ತೋಟಾ ಕಾಯುತ್ತಾ ಕೂರಬೇಕಾ?

ಕೊಪ್ಪಳ ಕೋಚ್ ಅಕ್ಕ
300 ಮೀಟರಿನಲ್ಲೂ ಕಾರ್ಖಾನೆಯ 6 ಎಂಎಂ ತೋಟಾ ಹೊಡೆದು ಗೆಲ್ಲುವವರಿದ್ದಾರೆ ತಮ್ಮಾ. ಆ ಮಟ್ಟಕ್ಕೆ ಹೋದ ಹುಡುಗನಿಗೆ ಏನು ಬೇಕು ಅಂತ ರೈಫಲ್ ಅಸೋಸಿಯೇಷನ್ ಜೊತೆ ಕೂತು ಮಾತಾಡೋಣ, ನಾನೂ ಬರುತ್ತೇನೆ. ಅಪ್ಪನ .315 ಹಿಡಿದು ಈಗಷ್ಟೇ ರೇಂಜಿಗೆ ಬಂದವರಿಗೆ ಅದೇ ಸಲಹೆ ಕೊಡಬೇಡ.

ನಿವೃತ್ತ ಸುಬೇದಾರ್, ರಾಯಚೂರು
ಇನ್ನೊಂದು ಮಾತು, ನಮ್ಮ ಬಿಸಿಲಿನದ್ದು. ಮದ್ದು ಬಿಸಿಯಾದಷ್ಟೂ ಒತ್ತಡ ಏರುತ್ತೆ. ಡಿಸೆಂಬರ್ ಬೆಳಗಿನಲ್ಲಿ ಹೊಡೆದು ನೋಡಿ ‘ಇಷ್ಟು ಮದ್ದು ಸರಿ’ ಅಂತ ಗಟ್ಟಿ ಮಾಡಿಕೊಂಡವನು ಮೇ ತಿಂಗಳಲ್ಲಿ ರಾಯಚೂರಿನ ಬಯಲಲ್ಲಿ, ಜೀಪಿನ ಡ್ಯಾಶ್‌ಬೋರ್ಡಿನ ಮೇಲಿಟ್ಟ ಅದೇ ತೋಟಾ ಹಾಕಿದರೆ ಅದು ಅದೇ ತೋಟಾ ಅಲ್ಲ. ಕಾರ್ಖಾನೆಯಲ್ಲಿ ಬಿಸಿ, ಥಂಡಿ ಎರಡಕ್ಕೂ ಜಾಗ ಬಿಟ್ಟು ಮದ್ದು ಹಾಕಿರುತ್ತಾರೆ, ಒತ್ತಡ ಅಳೆಯುವ ಬ್ಯಾರೆಲ್ಲೂ ಅವರ ಹತ್ತಿರ ಇರುತ್ತೆ. ಮನೆಯಲ್ಲಿ ತುಂಬುವವನಿಗೆ ಒತ್ತಡ ತಿಳಿಯುವುದು ಪ್ರೈಮರ್ ಚಪ್ಪಟೆ ಆಗಿದೆಯಾ, ಬೋಲ್ಟ್ ಬಿಗಿ ಆಯ್ತಾ ಅನ್ನುವ ಗುರುತಿನಿಂದ. ಆ ಗುರುತು ಕಾಣುವ ಹೊತ್ತಿಗೆ ಮಿತಿ ದಾಟಿರುತ್ತೆ. ಕಾರ್ಖಾನೆಯ ತೋಟಾ ಆದರೂ ಬಿಸಿಲಲ್ಲಿ ಬಿಡಬೇಡಿ, ನೆರಳಲ್ಲಿ, ಒಣಗಿರುವ ಕಡೆ, ಬೀಗದೊಳಗೆ ಇಡಿ.

ಮಸ್ಕಿ ಹೊಲದವ
ರಟ್ಟಿನ ಬಿಲ್ಲಿ ಮಾತು ಬಿಟ್ಟೆ ಸಾಹೇಬ್ರ. ಹಂದಿದು ಹೆಂಗ?

ಬಳ್ಳಾರಿ ಕರಿಕೋಟು
ಹಂದಿ ವಿಷಯ ಬೇರೆ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಬೆಳೆ ಕಾಯುವ ಬಂದೂಕಿಗೆ ಲೈಸೆನ್ಸಿದೆ ಅಂತ ಹಂದಿ ಹೊಡೆಯುವ ಹಕ್ಕು ಅದರ ಜೊತೆ ಬರಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಬೆಳೆ ಹಾನಿಯಾದರೆ ಫೋಟೋ ಸಮೇತ ಅರ್ಜಿ ಹಾಕಿ, ಪರಿಹಾರಕ್ಕೆ ಕೇಳಿ. ಹಣ್ಣಿನೊಳಗೆ ಸಿಡಿಮದ್ದು ಇಡುವವರ ಮಾತನ್ನಂತೂ ಕೇಳಲೇಬೇಡಿ, ಅದನ್ನು ಕಚ್ಚುವುದು ನಿಮ್ಮದೇ ಎತ್ತೂ ಆಗಿರಬಹುದು. ಈ ಕಡೆ ದರೋಜಿ ಕರಡಿಗಳೂ ಹೊಲಕ್ಕೆ ಇಳಿಯುತ್ತವೆ.

ಎಂಜಿನಿಯರ್ ಸಾಹೇಬರಿಗೆ ಒಂದು ಪ್ರಶ್ನೆ. ಚುನಾವಣೆ ಬಂದಾಗ ನಾವೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ತಗೊಳ್ಳುತ್ತೇವೆ. 2024ರಲ್ಲೂ ಹಾಗೇ ಆಯ್ತು. ಮನೆಮನೆಯಲ್ಲಿ ಪ್ರೆಸ್ಸು, ಪ್ರೈಮರ್, ಮದ್ದಿನ ಡಬ್ಬಿ ಇದ್ದರೆ ಠಾಣೆಯವರು ಅದನ್ನು ಎಲ್ಲಿಡಬೇಕು? ಮದ್ದಿನ ಡಬ್ಬಿಯನ್ನು ಮಾಲುಖಾನೆಯಲ್ಲಿ ಕಡತಗಳ ಪಕ್ಕ ಇಡುತ್ತಾರಾ?

ತೋರಣಗಲ್ಲು ಎಂಜಿನಿಯರ್
ಅದಕ್ಕೇ ಮನೆಯಲ್ಲಿ ಬೇಡ ಅನ್ನುತ್ತೇನೆ, ಕ್ಲಬ್ಬಿನಲ್ಲಿ ಬೇಕು ಅನ್ನುತ್ತೇನೆ. ಒಂದು ಬೀಗದ ಕೋಣೆ, ಒಂದು ಪ್ರೆಸ್, ಒಬ್ಬ ತರಬೇತಾದ ಮೇಲ್ವಿಚಾರಕ, ಪ್ರತಿ ಗ್ರೇನ್ ಮದ್ದಿಗೂ ದಾಖಲೆ ಪುಸ್ತಕ, ಲೈಸೆನ್ಸು ಕ್ಲಬ್ಬಿನ ಹೆಸರಿಗೆ. ನಮ್ಮ ಭಾಗದ ಹುಡುಗರು ಹಿಂದೆ ಬೀಳುತ್ತಿರುವುದು ತೋಟಾ ಸಿಗದೆ, ಕೈ ಬರದೆ ಅಲ್ಲ. ವಕೀಲ ಸಾಹೇಬರೆ, ಅರ್ಜಿ ಬರೆದರೆ ಕೊಡುವ ಸಾಧ್ಯತೆ ಇದೆಯಾ ಇಲ್ವಾ ಅಷ್ಟು ಹೇಳಿ.

ಬಳ್ಳಾರಿ ಕರಿಕೋಟು
ಕೊಡುತ್ತಾರೆ ಅಂತ ಭರವಸೆ ಕೊಡಲಾರೆ. ಕೇಳುವುದಕ್ಕೆ ಅಡ್ಡಿಯಿಲ್ಲ, ಕ್ಲಬ್ಬಿನ ಹೆಸರಲ್ಲಿ ಕೇಳುವುದೇ ಸರಿಯಾದ ದಾರಿ. ಕೋಣೆಯ ನಕ್ಷೆ, ಮೇಲ್ವಿಚಾರಕರ ಅನುಭವ, ಸದಸ್ಯರ ಲೈಸೆನ್ಸು ಪ್ರತಿ ಜೋಡಿಸಿ ಕಳಿಸಿ. ಕರಡು ನಾನು ಬರೆದುಕೊಡುತ್ತೇನೆ, ಫೀಸು ಬೇಡ.

ಗಂಗಾವತಿ ಭತ್ತದವ
ಇಷ್ಟು ಮನಸ್ಸಿಟ್ಟು ಹೇಳಿದ್ರಿ, ಭಾಳ ಉಪಕಾರ ಆತ್ರಿ. ಪೆಟ್ಟಿಗಿ ತಗದು ನೋಡಿದೆ ಅಕ್ಕಾ, ಕೂಡಿ ಹೊಡೆದದ್ದು, ಹರಡಿದ್ದು, ಎರಡಕ್ಕೂ ಬ್ಯಾಚ್ ನಂಬರ್ ಬ್ಯಾರೆ ಬ್ಯಾರೆನೇ ಐತಿ. ಎರಡರ ಮ್ಯಾಲೂ ಕೆಎಫ್ ಅಂತನೇ ಐತಿ. ಡೈ ತರ್ಸೋ ವಿಚಾರ ಬಿಟ್ಟೆ. ಸುಬೇದಾರ್ ಸಾಹೇಬ್ರ, ತಂತಿ ಬಿಟ್ಟು ನೋಡಿದ್ರ ಕೆಲವು ಕೇಸಿನಾಗ ಬುಡದ ಹತ್ರ ಸಿಕ್ಕೊಂತೈತಿ. ಅವನ್ನ ಏನು ಮಾಡ್ಲಿ?

ನಿವೃತ್ತ ಸುಬೇದಾರ್, ರಾಯಚೂರು
ಇಕ್ಕಳದಿಂದ ಬಾಯಿ ಜಜ್ಜಿಬಿಡಿ, ಯಾರೂ ಮತ್ತೆ ತುಂಬಬಾರದು. ಆಮೇಲೆ ಲೈಸೆನ್ಸಿನ ಅಂಗಡಿಯವರಿಗೇ ಎಣಿಸಿ ಒಪ್ಪಿಸಿ, ಚೀಟಿ ಬರೆಸಿಕೊಳ್ಳಿ. ಗುಜರಿಗೆ ಹಾಕಬೇಡಿ. ರೈಫಲನ್ನೂ ಒಮ್ಮೆ ಲೈಸೆನ್ಸಿರುವ ಆರ್ಮರರ್ ಹತ್ತಿರ ತೋರಿಸಿ, ಬೋಲ್ಟಿಗೂ ಕೇಸಿನ ಬುಡಕ್ಕೂ ನಡುವೆ ಸಂದು ಎಷ್ಟಿದೆ ಅಂತ ಗೇಜು ಹಾಕಿ ನೋಡಲಿ. ಅಷ್ಟು ಕೇಸು ಹಿಗ್ಗಿದ್ದರೆ ಬೋಲ್ಟಿನ ತಲೆ ಸವೆದಿರಬಹುದು. ಅದು ತಿಳಿಯುವ ತನಕ ಹೊಸ ತೋಟಾನೂ ಹಾಕಬೇಡಿ.